ಅಂಗಳದ ಅಡಿಕೆ ನೆನೆಯಲಿ

ಬಜಗೋಳಿ ಪೇಟೆಯಿಂದ ಮಾಳದ ದಾರಿ ಹಿಡಿದರೆ ಕಣ್ಣೆದುರಿಗೇ ಘಟ್ಟ. ಕುದುರೆಮುಖದ ಸಾಲು ಇಲ್ಲಿಗೆ ಎಷ್ಟು ಹತ್ತಿರವೆಂದರೆ ಮಳೆಗಾಲದಲ್ಲಿ ಬೆಟ್ಟ ಮರೆಯಾಗಿ ಬರೀ ಮೋಡವೇ ಕಾಣುತ್ತದೆ. ಜೂನ್, ಜುಲೈ ತಿಂಗಳಲ್ಲಿ ಕಡಲ ಕಡೆಯಿಂದ ಬಂದು ವಾರಗಟ್ಟಲೆ ಹೊಯ್ಯುವ ಆ ಮಳೆಗೆ ಇಲ್ಲಿಯವರು ಒಗ್ಗಿಹೋಗಿದ್ದಾರೆ. ಅದರಲ್ಲಿ ಗುಡುಗು ಕಡಿಮೆ. ಜೀವ ತೆಗೆಯುವ ಸಿಡಿಲು ಬರುವುದು ಮುಂಗಾರಿನ ಹಿಂದೆ ಮುಂದೆ. ಏಪ್ರಿಲ್ ಮಧ್ಯದ ಬಿಸು ಕಳೆದು ಮೇ ಕೊನೆಯ ಪತ್ತನಾಜೆಯವರೆಗೆ ಒಂದು ಸುತ್ತು, ನವರಾತ್ರಿಯ ಹೊತ್ತಿಗೆ ಶುರುವಾಗಿ ದೀಪಾವಳಿ ದಾಟುವವರೆಗೆ ಇನ್ನೊಂದು ಸುತ್ತು. ಈ ಎರಡು ಸುತ್ತಿನಲ್ಲೂ ಮೋಡ ಹೆಚ್ಚಾಗಿ ಏಳುವುದು ಮೂಡು ದಿಕ್ಕಿನಲ್ಲಿ, ಘಟ್ಟದ ಮೇಲೆ. ಏಳುವ ಹೊತ್ತು ಮಧ್ಯಾಹ್ನದ ಊಟ ಮುಗಿದ ಮೇಲೆ.

ಆ ಹೊತ್ತಿಗೆ ಇಲ್ಲಿಯ ಒಂದು ಮನೆಯ ಸುತ್ತ ಏನೇನಿರುತ್ತದೆ ನೋಡಿ. ಅಂಗಳದಲ್ಲಿ ಚಾಲಿಗೆಂದು ಹರಡಿದ ಅಡಿಕೆ. ಚಾಪೆಯ ಮೇಲೆ ಹಲಸಿನ ಹಪ್ಪಳ. ಹಗ್ಗದ ಮೇಲೆ ಬಟ್ಟೆ. ಮೇಯಲು ಬಿಟ್ಟ ದನ ಇನ್ನೂ ಹಟ್ಟಿಗೆ ಬಂದಿಲ್ಲ. ಗುಡ್ಡೆಗೆ ಗೇರುಬೀಜ ಹೆಕ್ಕಲು ಹೋದವರು ಇನ್ನೂ ಇಳಿದಿಲ್ಲ. ತೋಟದಲ್ಲಿ ಪಂಪು ಓಡುತ್ತಿದೆ. ಮೊದಲ ಗುಡುಗು ದೂರದಲ್ಲಿ, ಮಾಳದ ಆಚೆ ಎಲ್ಲೋ ಗುರುಗುಟ್ಟುತ್ತದೆ. ಗಾಳಿ ಒಮ್ಮೆಲೇ ತಣ್ಣಗಾಗುತ್ತದೆ. ಮಳೆ ಇಲ್ಲಿಗೆ ತಲುಪಲು ಇನ್ನೂ ಹತ್ತು ನಿಮಿಷ ಬೇಕು ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಮನೆಯಲ್ಲಿದ್ದವರೆಲ್ಲ ಅಂಗಳಕ್ಕಿಳಿಯುತ್ತಾರೆ. ಒಬ್ಬರು ಅಡಿಕೆಯನ್ನು ಬಾಚಿ ರಾಶಿ ಹಾಕುತ್ತಾರೆ, ಇನ್ನೊಬ್ಬರು ಟಾರ್ಪಾಲಿನ ತುದಿಗೆ ಕಲ್ಲಿಡುತ್ತಾರೆ, ಅಜ್ಜಿ ಹಪ್ಪಳದ ಚಾಪೆ ಮಡಚುತ್ತಾರೆ, ಹುಡುಗನೊಬ್ಬ ದನ ಅಟ್ಟಿಕೊಂಡು ಬರಲು ಗುಡ್ಡೆಗೆ ಓಡುತ್ತಾನೆ.

ಸಾವು ಸಂಭವಿಸುವುದು ಈ ಹತ್ತು ನಿಮಿಷದಲ್ಲಿ. ಮಳೆ ಧೋ ಎಂದು ಸುರಿಯುವಾಗ ಯಾರೂ ಹೊರಗಿರುವುದಿಲ್ಲ. ಸಿಡಿಲಿಗೆ ಸಿಕ್ಕುವವರಲ್ಲಿ ಬಹಳ ಮಂದಿ ಮಳೆ ಬರುವ ಮೊದಲು ಉಳಿದ ಕೆಲಸ ಮುಗಿಸಲು ಹೋದವರು, ಇಲ್ಲವೇ ಮಳೆ ಬಿಟ್ಟಿತೆಂದು ಬೇಗನೆ ಹೊರಬಿದ್ದವರು. ಹಾಗಾಗಿ ಘಟ್ಟದ ಬುಡದ ಈ ಊರುಗಳಿಗೆ, ಮಾಳ, ಮುಡಾರು, ನಲ್ಲೂರು, ಈದು, ಕೆರ್ವಾಶೆಯ ಮನೆಮನೆಗೆ, ನಾನು ಹೇಳಬೇಕಾದ ಮಾತು ಒಂದೇ: ಮೊದಲ ಗುಡುಗು ಕೇಳಿದ ಕ್ಷಣ ಹೊರಗಿನ ಕೆಲಸ ಮುಗಿಯಿತು. ಅರ್ಧವಾಗಿದ್ದರೂ ಮುಗಿಯಿತು.

ಸಿಡಿಲು ಈ ಸೀಮೆಯನ್ನೇ ಹುಡುಕಿಕೊಂಡು ಬರುವುದಕ್ಕೆ ಕಾರಣ ನೆಲದ ರಚನೆಯಲ್ಲೇ ಇದೆ. ಕಡಲಿನಿಂದ ಬರುವ ತೇವದ ಗಾಳಿ ಬಿಸಿಲಿಗೆ ಕಾದು ಮೇಲೇಳುತ್ತದೆ. ಘಟ್ಟ ಅದನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಮೋಡ 10-15 ಕಿಲೋಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಅಷ್ಟು ಎತ್ತರದಲ್ಲಿ ನೀರು ಮಂಜುಗಡ್ಡೆಯ ಹರಳಾಗುತ್ತದೆ. ಹಗುರವಾದ ಹರಳುಗಳೂ ಭಾರದ ಪುಟ್ಟ ಆಲಿಕಲ್ಲುಗಳೂ ಒಂದಕ್ಕೊಂದು ಉಜ್ಜಿ ವಿದ್ಯುದಂಶ ಹಂಚಿಹೋಗುತ್ತದೆ. ಹರಳುಗಳು ಧನ ವಿದ್ಯುತ್ತನ್ನು ಹೊತ್ತು ಮೇಲಕ್ಕೆ ಹೋಗುತ್ತವೆ, ಭಾರದವು ಋಣ ವಿದ್ಯುತ್ತನ್ನು ಹೊತ್ತು ಮೋಡದ ಬುಡದಲ್ಲಿ ಉಳಿಯುತ್ತವೆ. ಮೋಡದ ಬುಡದಿಂದ ಮೆಟ್ಟಿಲು ಮೆಟ್ಟಿಲಾಗಿ ಒಂದು ಎಳೆ ಕೆಳಗಿಳಿಯುತ್ತದೆ. ಅದು ನೆಲಕ್ಕೆ ಹತ್ತಿರವಾದಾಗ ಮರದ ತುದಿ, ಮನೆಯ ಮಾಡು, ಬಯಲಲ್ಲಿ ನಿಂತ ಮನುಷ್ಯನ ತಲೆ, ಹೀಗೆ ಎತ್ತರದ ಪ್ರತಿಯೊಂದರಿಂದಲೂ ಸಣ್ಣ ಎಳೆಗಳು ಮೇಲಕ್ಕೆ ಏಳುತ್ತವೆ. ಯಾವುದು ಮೊದಲು ಕೂಡಿಕೊಂಡಿತೋ ಆ ದಾರಿಯಲ್ಲಿ ಸುಮಾರು 30,000 ಆಂಪಿಯರ್ ವಿದ್ಯುತ್ ಹರಿದುಬಿಡುತ್ತದೆ. ಆ ದಾರಿಯ ಗಾಳಿ ಸೂರ್ಯನ ಮೇಲ್ಮೈಗಿಂತ ಸುಮಾರು ಐದು ಪಟ್ಟು ಬಿಸಿಯಾಗಿ ಸಿಡಿಯುತ್ತದೆ. ಆ ಸದ್ದೇ ಗುಡುಗು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಪ್ರಕೃತಿ ವಿಕೋಪದ ಸಾವುಗಳಲ್ಲಿ ಇದಕ್ಕಿಂತ ದೊಡ್ಡ ಪಾಲು ಬೇರಾವುದಕ್ಕೂ ಇರಲಿಲ್ಲ. ಆದರೂ ಸಿಡಿಲಿನ ಬಗ್ಗೆ ನಮ್ಮ ಎಚ್ಚರ ಚಂಡಮಾರುತದ ಬಗೆಗಿನ ಎಚ್ಚರಕ್ಕೆ ಹತ್ತಿರವೂ ಬರುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ದಿನಗಳ ಮೊದಲೇ ಮುನ್ಸೂಚನೆ ಇತ್ತು. ಮಲ್ಪೆಯಿಂದ ದೋಣಿ ಇಳಿಸಬಾರದೆಂದು ಎಲ್ಲರಿಗೂ ತಿಳಿದಿತ್ತು. ಕಾಪು ಬಳಿ ಕಡಲಲ್ಲಿ ಬಂಡೆಗೆ ಸಿಕ್ಕಿಕೊಂಡ ಕೋರಮಂಡಲ್ ಸಪೋರ್ಟರ್ ಟಗ್ಗಿನ 9 ಮಂದಿಯನ್ನು ಮೇ 17ರಂದು ಕೋಸ್ಟ್ ಗಾರ್ಡ್ ಹಡಗೂ ನೌಕಾಪಡೆಯ ಹೆಲಿಕಾಪ್ಟರೂ ಸೇರಿ ಪಾರುಮಾಡಿದವು. ಸಿಡಿಲಿಗೆ ಅಂಥ ಹೆಲಿಕಾಪ್ಟರ್ ಬರುವುದಿಲ್ಲ. ಅದು ಒಬ್ಬೊಬ್ಬರನ್ನೇ, ಇಬ್ಬಿಬ್ಬರನ್ನೇ, ಬೇರೆ ಬೇರೆ ಊರಿನಲ್ಲಿ ಕೊಲ್ಲುತ್ತದೆ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿದುಹೋಗುತ್ತದೆ. ಅಲ್ಲಿ ಪಾರುಮಾಡುವ ಕೈ ಯಾವುದಾದರೂ ಇದ್ದರೆ ಅದು ಆ ಮನೆಯವರದ್ದೇ.

ಸಿಡಿಲು ನೇರವಾಗಿ ತಲೆಗೇ ಬಡಿಯುವುದು ಅಪರೂಪ ಎಂಬುದನ್ನು ಮೊದಲು ತಿಳಿಯಬೇಕು. ಹೆಚ್ಚಿನವರು ಸಾಯುವುದು ನೆಲದ ಮೂಲಕ. ಮರಕ್ಕೋ ಕಂಬಕ್ಕೋ ಬಡಿದ ಸಿಡಿಲು ಬುಡಕ್ಕಿಳಿದು ಸುತ್ತಲಿನ ಮಣ್ಣಿನಲ್ಲಿ ಹರಡುತ್ತದೆ. ಬುಡದ ಹತ್ತಿರ ವೋಲ್ಟೇಜು ಹೆಚ್ಚು, ದೂರ ಹೋದಂತೆ ಕಡಿಮೆ. ಕಾಲು ಅಗಲಿಸಿ ನಿಂತವನ ಒಂದು ಪಾದಕ್ಕೂ ಇನ್ನೊಂದು ಪಾದಕ್ಕೂ ನಡುವಿನ ವ್ಯತ್ಯಾಸ ಸಾಕಷ್ಟಿದ್ದರೆ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಒಂದೇ ಸಿಡಿಲಿಗೆ ಹಟ್ಟಿಯ ನಾಲ್ಕೈದು ದನಗಳು ಒಟ್ಟಿಗೆ ಸತ್ತು ಬೀಳುವುದೂ ಇದರಿಂದಲೇ. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ವಿದ್ಯುತ್ತು ಹಾದುಹೋಗುವ ದಾರಿಯಲ್ಲೇ ಎದೆ ಇದೆ. ಇನ್ನು ಮರದ ಕೆಳಗೆ ನಿಂತವರಿಗೆ ಬೇರೊಂದು ಅಪಾಯ. ಕಾಂಡದಲ್ಲಿ ಇಳಿಯುವ ಸಿಡಿಲು ನಡುದಾರಿಯಲ್ಲಿ ಜಿಗಿದು ಪಕ್ಕದಲ್ಲಿರುವ ಮನುಷ್ಯನನ್ನು ಹಿಡಿಯುತ್ತದೆ, ಏಕೆಂದರೆ ಒಣ ಕಾಂಡಕ್ಕಿಂತ ನಮ್ಮ ಮೈ ಒಳ್ಳೆಯ ವಾಹಕ.

ನಮ್ಮ ನೆಲದ ಗುಣ ಇದನ್ನು ಇನ್ನಷ್ಟು ಕೆಡಿಸುತ್ತದೆ. ಮುರಕಲ್ಲು, ಅದರಡಿಯಲ್ಲಿ ಕರಿಬಂಡೆ. ಏಪ್ರಿಲ್ ತಿಂಗಳಲ್ಲಿ ಒಣಗಿದ ಮುರಕಲ್ಲು ವಿದ್ಯುತ್ತನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಳಕ್ಕಿಳಿಯಲಾಗದ ಸಿಡಿಲು ಮೇಲ್ಮೈಯಲ್ಲೇ ದೂರದವರೆಗೆ ಹರಡುತ್ತದೆ. ಇಲ್ಲಿಯ ಮನೆಗಳ ಅರ್ತಿಂಗ್ ಕೆಲಸ ಮಾಡದಿರುವುದಕ್ಕೂ ಇದು ಒಂದು ಕಾರಣ, ನಮ್ಮ ಅಲಕ್ಷ್ಯ ಇನ್ನೊಂದು. ಮನೆ ಕಟ್ಟಿದ ವರ್ಷ ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಪೈಪು ಹೂತು, ಮೇಲೊಂದು ಚಪ್ಪಡಿ ಮುಚ್ಚಿದ್ದು. ಆಮೇಲೆ ಯಾರೂ ಆ ಚಪ್ಪಡಿ ಎತ್ತಿರುವುದಿಲ್ಲ. ಎತ್ತಿ ನೋಡಿದರೆ ಉಪ್ಪು ಕರಗಿಹೋಗಿರುತ್ತದೆ, ಪೈಪಿಗೆ ಬಿಗಿದ ಪಟ್ಟಿ ತುಕ್ಕು ಹಿಡಿದು ಕೈಯಲ್ಲಿ ಮುರಿಯುತ್ತದೆ, ಕೆಲವೆಡೆ ತಂತಿ ಪೈಪಿಗೆ ತಾಗಿಯೇ ಇರುವುದಿಲ್ಲ. ಬಿಸು ಹಬ್ಬಕ್ಕೆ ಮೊದಲು ಲೈಸೆನ್ಸ್ ಇರುವ ಇಲೆಕ್ಟ್ರಿಶಿಯನ್ನನ್ನು ಕರೆಸಿ ಇದನ್ನೊಮ್ಮೆ ಅಳತೆ ಮಾಡಿಸಿ. ಬೇಸಗೆಯಲ್ಲಿ ದಿನವೂ ಆ ಗುಂಡಿಗೆ ಒಂದು ಕೊಡಪಾನ ನೀರು ಹೊಯ್ಯುವುದು ದೊಡ್ಡ ಕೆಲಸವೇನಲ್ಲ.

ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿಸುತ್ತಿದ್ದ ಅಜ್ಜಂದಿರು ಎಲ್ಲ ಊರಲ್ಲೂ ಇದ್ದರು. ಮಕ್ಕಳ ಹೆದರಿಕೆ ಓಡಿಸಲು ಅದು ಒಳ್ಳೆಯದೇ. ಅದರ ಜೊತೆಗೆ ಒಂದು ಎಣಿಕೆಯನ್ನೂ ಕಲಿಸಬೇಕು. ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಎಂದು ಸೆಕೆಂಡಿಗೊಂದರಂತೆ ಎಣಿಸಲಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಅಂದರೆ ಮುಂದಿನದ್ದು ನಮ್ಮ ಅಂಗಳದಲ್ಲೇ ಬೀಳಬಹುದು. ಬಜಗೋಳಿಯಲ್ಲಿ ನಿಂತವನಿಗೆ 10 ಕಿಲೋಮೀಟರ್ ಎಂದರೆ ಹೆಚ್ಚುಕಡಿಮೆ ಕಾರ್ಕಳ. ತಲೆಯ ಮೇಲೆ ನೀಲಿ ಆಕಾಶ ಇದ್ದರೂ ಲೆಕ್ಕ ಬದಲಾಗುವುದಿಲ್ಲ. ಮೋಡದ ಪಕ್ಕದಿಂದ ಹೊರಟ ಸಿಡಿಲು ಮಳೆ ಇಲ್ಲದ ಜಾಗಕ್ಕೂ ಬಂದು ಬೀಳುತ್ತದೆ. ಬೆಟ್ಟದ ಮರೆಯಲ್ಲಿ ಮಿಂಚು ಕಾಣದಿದ್ದರೆ ಎಣಿಸುವ ಗೊಡವೆಯೇ ಬೇಡ, ಗುಡುಗು ಕೇಳಿದರೆ ಸಾಕು. ಮತ್ತೆ ಹೊರಬರುವುದು ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ.

ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆ ಮಾಡಿದ 'ದಾಮಿನಿ' ಎಂಬ ಆ್ಯಪ್ ನಾವಿರುವ ಜಾಗದ 20ರಿಂದ 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಎಲ್ಲಿ ಸಿಡಿಲು ಬೀಳುತ್ತಿದೆ ಎಂಬುದನ್ನು ತೋರಿಸುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ 'ಸಿಡಿಲು' ಎಂಬ ಆ್ಯಪ್ ಹೊರತಂದಿದೆ. ಮನೆಯಲ್ಲಿ ಒಬ್ಬರ ಫೋನಿನಲ್ಲಾದರೂ ಇರಲಿ. ಆದರೆ ಕೆರ್ವಾಶೆ, ಮಾಳದ ಒಳಭಾಗದಲ್ಲಿ ಮೋಡ ಕವಿದ ಕೂಡಲೇ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಸಿಗ್ನಲ್ಲೂ ಹೋಗುತ್ತದೆ. ಕೊನೆಗೆ ನೆಚ್ಚಬೇಕಾದ್ದು ಕಿವಿಯನ್ನೇ.

ಒಳಗೆ ಬಂದ ಮೇಲೆ ಎಲ್ಲಿ ಕೂರಬೇಕೆಂಬುದೂ ಮುಖ್ಯ. ನಮ್ಮಲ್ಲಿ ಮಳೆ ನೋಡುತ್ತ ಜಗಲಿಯಲ್ಲಿ ಕೂರುವ ಸುಖ ಎಲ್ಲರಿಗೂ ಗೊತ್ತು. ಗುಡುಗು ಇರುವಾಗ ಜಗಲಿ ಒಳಗಲ್ಲ, ಹೊರಗೇ. ಕಾರ್ ನಿಲ್ಲಿಸುವ ಶೆಡ್, ಹಟ್ಟಿ, ಪಂಪಿನ ಕೊಟ್ಟಿಗೆ, ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹಾಕಿದ ಶೀಟಿನ ಮಾಡು, ಇವೆಲ್ಲ ಮಳೆ ತಡೆಯುತ್ತವೆಯೇ ಹೊರತು ಸಿಡಿಲನ್ನಲ್ಲ. ಮನೆಯ ನಡುವಿನ ಕೋಣೆಗೆ ಬನ್ನಿ. ಕಿಟಕಿಯ ಸರಳಿನಿಂದ ದೂರವಿರಿ, ಗೋಡೆಗೆ ಒರಗಬೇಡಿ. ಸಿಡಿಲು ಬಡಿದ ಮನೆಗಳಲ್ಲಿ ಪ್ಲಾಸ್ಟರು ಎದ್ದುಹೋಗಿರುವುದು ವಯರಿಂಗ್ ಹೋದ ದಾರಿಯಲ್ಲೇ. ಸ್ವಿಚ್ ಬೋರ್ಡು ಕಪ್ಪಾಗಿ ಗೋಡೆಯಿಂದ ಕಿತ್ತು ಬಂದಿರುತ್ತದೆ. ಆ ಹೊತ್ತಿನಲ್ಲಿ ಸ್ನಾನ ಬೇಡ, ಪಾತ್ರೆ ತೊಳೆಯುವುದು ಬೇಡ, ಬಾವಿಕಟ್ಟೆಯ ಹತ್ತಿರ ಹೋಗುವುದಂತೂ ಬೇಡವೇ ಬೇಡ. ಪೈಪೂ ನೀರೂ ಎರಡೂ ವಿದ್ಯುತ್ತನ್ನು ತರುತ್ತವೆ. ಮೊಬೈಲ್ ಫೋನ್ ಸಿಡಿಲನ್ನು ಸೆಳೆಯುತ್ತದೆ ಎಂಬ ಮಾತು ಸುಳ್ಳು. ಚಾರ್ಜಿಗೆ ಹಾಕಿದ ಫೋನನ್ನು ಕೈಯಲ್ಲಿ ಹಿಡಿಯುವುದು ಮಾತ್ರ ನಿಜವಾಗಿ ಅಪಾಯ. ಟಿ.ವಿ., ಫ್ರಿಜ್, ಇನ್ವರ್ಟರ್ ಪ್ಲಗ್ಗುಗಳನ್ನು ಮೋಡ ಏಳುವಾಗಲೇ ಕಿತ್ತಿಡಿ. ಗುಡುಗು ಮೇಲೆ ಬಂದಾಗ ನೆನಪಾದರೆ ಬಿಟ್ಟುಬಿಡಿ. ಸುಟ್ಟುಹೋದ ಟಿ.ವಿ.ಯನ್ನು ಬದಲಾಯಿಸಬಹುದು.

ದಾರಿಯಲ್ಲಿದ್ದವರಿಗೂ ಒಂದು ಮಾತು. ಕಾರ್ಕಳ, ಬಜಗೋಳಿ, ನಾರಾವಿ ನಡುವೆ ಓಡುವ ಬಸ್ಸಿನೊಳಗೆ ಕೂತವರು ಕ್ಷೇಮ. ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಸಾಗಿಸುತ್ತದೆ. ಗಾಜು ಏರಿಸಿದ ಕಾರೂ ಹಾಗೆಯೇ. ಸ್ಕೂಟರು, ಬೈಕು, ಮೂರು ಚಕ್ರದ ರಿಕ್ಷಾಕ್ಕೆ ಆ ರಕ್ಷಣೆ ಇಲ್ಲ. ಸ್ಕೂಟರಿನವರು ದಾರಿ ಬದಿಯ ಧೂಪದ ಮರದಡಿ ನಿಲ್ಲಿಸುವುದನ್ನು ಎಷ್ಟು ಸಲ ನೋಡುತ್ತೇವೆ! ಎಲ್ಲಿಯಾದರೂ ಮನೆಯೋ ಅಂಗಡಿಯೋ ಸಿಕ್ಕಿದರೆ ಒಳಗೆ ಹೋಗಿ. ಗುರುತು ಪರಿಚಯ ಇಲ್ಲದ ಮನೆಯಾದರೂ ಈ ಊರಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ. ಬಯಲಲ್ಲೇ ಸಿಕ್ಕಿಬಿದ್ದರೆ ಗುಂಪಾಗಿ ನಿಲ್ಲದೆ ದೂರ ದೂರ ಚದುರಿ, ಪಾದಗಳನ್ನು ಜೋಡಿಸಿ ಕುಕ್ಕರಗಾಲಲ್ಲಿ ಕುಳಿತು ತಲೆ ತಗ್ಗಿಸಿ. ಮಲಗಬೇಡಿ. ಇದು ಬೇರೆ ದಾರಿಯೇ ಇಲ್ಲದವರ ಉಪಾಯ, ಇದರಿಂದ ಅಪಾಯ ಸ್ವಲ್ಪ ತಗ್ಗುತ್ತದೆ ಅಷ್ಟೆ.

ಗುಡುಗು ಜೋರಾದಾಗ ಅಂಗಳಕ್ಕೆ ಕತ್ತಿಯನ್ನೋ ಕಬ್ಬಿಣದ ತುಂಡನ್ನೋ ಎಸೆಯುವ ರೂಢಿ ಹಳೆಯ ಮನೆಗಳಲ್ಲಿತ್ತು. ಸಿಡಿಲು ಅದಕ್ಕೆ ಬೀಳಲಿ, ಮನೆಗೆ ಬೇಡ ಎಂಬ ಆಸೆ. ನೆಲದ ಮೇಲೆ ಬಿದ್ದ ಕತ್ತಿ ಯಾವ ಸಿಡಿಲನ್ನೂ ಸೆಳೆಯುವುದಿಲ್ಲ, ಅದನ್ನು ಎಸೆಯಲು ಬಾಗಿಲು ದಾಟಿದವರಿಗೆ ಮಾತ್ರ ಅಪಾಯ. ಮನೆಯ ಸುತ್ತ ತೆಂಗಿದ್ದರೆ ಮನೆಗೆ ಸಿಡಿಲಿಲ್ಲ ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಎತ್ತರದ ತೆಂಗು ಸಿಡಿಲಿಗೆ ಮೊದಲು ಸಿಗುತ್ತದೆ ನಿಜ. ತಲೆ ಸುಟ್ಟು ನಿಂತ ತೆಂಗು ಎಲ್ಲ ಊರಲ್ಲೂ ಒಂದೆರಡು ಇವೆ. ಆದರೆ ಆ ತೆಂಗಿನ ಬುಡದಲ್ಲಿ ಹಟ್ಟಿ ಇದ್ದರೆ, ಗೋಡೆಗೆ ತಾಗಿಯೇ ಮರ ಇದ್ದರೆ, ಮರದ ಸಿಡಿಲು ಮನೆಯದ್ದೂ ಆಗುತ್ತದೆ. ಬಾಂಗ್ಲಾದೇಶ 2016ರಲ್ಲಿ ಸಿಡಿಲನ್ನು ವಿಕೋಪವೆಂದು ಘೋಷಿಸಿ, ಬಯಲುಗದ್ದೆಗಳ ರಕ್ಷಣೆಗೆಂದು ತಾಳೆ ಮರಗಳನ್ನು ಲಕ್ಷಗಟ್ಟಲೆ ನೆಡಲು ಹೊರಟಿತು. ತಾಳೆ ಎತ್ತರಕ್ಕೆ ಬೆಳೆಯಲು ದಶಕಗಳು ಬೇಕು. ನೆಟ್ಟದ್ದರಲ್ಲಿ ಬಹಳಷ್ಟು ಬದುಕಲೂ ಇಲ್ಲ. ಅಮೆರಿಕದಲ್ಲಿ 1940ರ ದಶಕದ ಮೊದಲ ವರ್ಷಗಳಲ್ಲಿ ವರ್ಷಕ್ಕೆ ಸರಾಸರಿ 300ಕ್ಕೂ ಹೆಚ್ಚು ಮಂದಿ ಸಿಡಿಲಿಗೆ ಸಾಯುತ್ತಿದ್ದರು. ಈಗ ಆ ಸಂಖ್ಯೆ ಸುಮಾರು 20. ಹೊಲದಲ್ಲಿ ದುಡಿಯುವವರು ಕಡಿಮೆಯಾದದ್ದು, ಮನೆಗಳು ಗಟ್ಟಿಯಾದದ್ದು, ಚಿಕಿತ್ಸೆ ಬೇಗ ಸಿಕ್ಕಿದ್ದು ಇದಕ್ಕೆ ಕಾರಣ. ಗುಡುಗು ಕೇಳಿದರೆ ಒಳಗೆ ಹೋಗಿ ಎಂಬ ಒಂದೇ ಮಾತನ್ನು ಶಾಲೆ, ಆಟದ ಬಯಲು, ಕಡಲತೀರಗಳಲ್ಲಿ ವರ್ಷಗಟ್ಟಲೆ ಹೇಳುತ್ತ ಬಂದದ್ದೂ ಒಂದು ಕಾರಣ.

ಮಿಂಚುಬಂಧಕ ಹಾಕಿಸುವ ಮನೆಗಳು ಈಗ ಹೆಚ್ಚುತ್ತಿವೆ. ಒಳ್ಳೆಯದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ಸೂಚಿಸಿ ಇನ್ನೂರೈವತ್ತು ವರ್ಷಕ್ಕೂ ಮೇಲಾಯಿತು, ತತ್ವ ಇಂದಿಗೂ ಅದೇ. ಮಾಡಿನ ಮೇಲಿನ ಸರಳಿಗೆ ಬಿದ್ದದ್ದು ದಪ್ಪ ತಂತಿಯ ಮೂಲಕ, ಚೂಪಾಗಿ ತಿರುಗದೆ, ನೇರವಾಗಿ ಒಳ್ಳೆಯ ಅರ್ತಿಂಗ್ ಗುಂಡಿಗೆ ಇಳಿಯಬೇಕು. ಗುಂಡಿ ಕೆಟ್ಟಿದ್ದರೆ ಸರಳು ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಒಂದೇ ಕಂಬ ಇಡೀ ಊರನ್ನು ಕಾಯುತ್ತದೆ ಎಂದು ಮಾರಲು ಬರುವವರಿಂದ ದೂರವಿರಿ.

ಇಷ್ಟೆಲ್ಲ ಹೇಳಿದ ಮೇಲೂ ಅಡಿಕೆಯ ಪ್ರಶ್ನೆ ಉಳಿಯುತ್ತದೆ. ನೆನೆದ ಚಾಲಿಗೆ ಬೂಸ್ಟು ಬರುತ್ತದೆ, ದರ ಇಳಿಯುತ್ತದೆ. ವರ್ಷದ ದುಡಿಮೆ ಅಂಗಳದಲ್ಲಿ ನೆನೆಯುವಾಗ ಒಳಗೆ ಕೂತು ನೋಡಿ ಎಂದು ಹೇಳುವುದು ಸುಲಭವಲ್ಲ, ಅದನ್ನು ಬಲ್ಲೆ. ಹಾಗಾಗಿಯೇ ಓಡಾಟವನ್ನು ಗುಡುಗಿಗೆ ಮೊದಲೇ ಮುಗಿಸುವ ದಾರಿ ಬೇಕು. ಅಕ್ಟೋಬರಿನಲ್ಲೂ ಏಪ್ರಿಲಿನಲ್ಲೂ ಮಧ್ಯಾಹ್ನ ಊಟಕ್ಕೆ ಏಳುವ ಮೊದಲೇ ಅಡಿಕೆಯನ್ನು ಸಾಲು ಮಾಡಿ, ಸಾಲಿನ ಒಂದು ಬದಿಗೆ ಟಾರ್ಪಾಲು ಬಿಚ್ಚಿಟ್ಟರೆ, ಬೇಕಾದಾಗ ಎಳೆಯಲು ಒಂದು ನಿಮಿಷ ಸಾಕು. ಪಾರದರ್ಶಕ ಹಾಳೆ ಹೊದೆಸಿದ ಒಣಗಿಸುವ ಮನೆಗಳನ್ನು ಈಗ ಸಾಕಷ್ಟು ಬೆಳೆಗಾರರು ಕಟ್ಟಿಕೊಂಡಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಘಟ್ಟದ ಬುಡದವರಿಗೆ ಇದು ಫಸಲು ಉಳಿಸುವ ಖರ್ಚಷ್ಟೇ ಅಲ್ಲ, ಜೀವ ಉಳಿಸುವ ಖರ್ಚು ಕೂಡ. ಸಹಕಾರಿ ಸಂಘಗಳು ಇದಕ್ಕೆ ಸಾಲ ಕೊಡುವಾಗ ಹಾಗೆಯೇ ನೋಡಲಿ.

ಇನ್ನೊಂದು ಮಾತನ್ನು ಯಜಮಾನರೇ ಬಾಯಿಬಿಟ್ಟು ಹೇಳಬೇಕು. ಕೂಲಿಗೆ ಬಂದವರು ಗುಡುಗು ಕೇಳಿದರೂ ತಾವಾಗಿ ಕೆಲಸ ಬಿಟ್ಟು ಬರುವುದಿಲ್ಲ. ಅರ್ಧ ದಿನದ ಸಂಬಳ ಹೋದೀತೆಂಬ ಭಯ, ಸೋಮಾರಿ ಎಂದಾರೆಂಬ ಸಂಕೋಚ. ಮನೆಯ ಹಿರಿಯ ಹೆಂಗಸರೂ ಹಾಗೆಯೇ, ಹಪ್ಪಳ ಬಿಟ್ಟು ಬರಲು ಮನಸ್ಸಾಗುವುದಿಲ್ಲ. "ಅಮ್ಮಾ, ಇರಲಿ ಬಿಡಿ, ನೆನೆಯಲಿ. ನೀವು ಒಳಗೆ ಬನ್ನಿ" ಎಂದು ಮಗ ಹೇಳಬೇಕು. "ಸಂಬಳ ಪೂರ್ತಿ ಕೊಡುತ್ತೇನೆ, ಎಲ್ಲರೂ ಮೇಲೆ ಬನ್ನಿ" ಎಂದು ತೋಟದವರು ಬೆಳಗ್ಗೆಯೇ ಹೇಳಿಟ್ಟಿರಬೇಕು.

ಸಿಡಿಲು ಬಡಿದವರನ್ನು ಮುಟ್ಟಬಾರದೆಂಬ ಭಯ ಈಗಲೂ ಇದೆ, ಅದರಿಂದ ಬದುಕಬಹುದಾದವರು ಸಾಯುತ್ತಾರೆ. ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಕೂಡಲೇ ಮುಟ್ಟಬಹುದು, ಮುಟ್ಟಲೇಬೇಕು. ಇಬ್ಬರು ಮೂವರು ಬಿದ್ದಿದ್ದರೆ ನರಳುತ್ತಿರುವವರ ಬಳಿಗಲ್ಲ, ಅಲುಗಾಡದೆ ಬಿದ್ದವರ ಬಳಿಗೆ ಮೊದಲು ಓಡಿ. ನರಳುವವರಿಗೆ ಉಸಿರಿದೆ. ಅಲುಗದವರ ಎದೆಬಡಿತ ನಿಂತಿರಬಹುದು, ಅಥವಾ ಎದೆ ಮತ್ತೆ ಬಡಿಯತೊಡಗಿದ್ದರೂ ಉಸಿರಾಟ ಮರಳಿರುವುದಿಲ್ಲ. ಎದೆಯ ನಡುವಿನ ಎಲುಬಿನ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಚದೆ ಎರಡು ಇಂಚು ಆಳಕ್ಕೆ ಒತ್ತಿ, ನಿಮಿಷಕ್ಕೆ 100ರಿಂದ 120 ಸಲ. ಮೂವತ್ತು ಸಲ ಒತ್ತಿದ ಮೇಲೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಕೊಡಿ. 108ಕ್ಕೆ ಇನ್ನೊಬ್ಬರು ಕರೆ ಮಾಡಲಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಜಗತ್ತಿನಾದ್ಯಂತ ಸಿಡಿಲಿಗೆ ಸಿಕ್ಕಿದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ ಎಂಬುದು ವೈದ್ಯರ ಅಂದಾಜು. ಬಿದ್ದವರು ಸತ್ತೇಹೋದರೆಂದು ದೂರ ನಿಲ್ಲಬೇಡಿ.

ಗಾಳಿ ನಿಂತ ಮೇಲೆ ಇನ್ನೊಂದು ಸಾವು ತೋಟದಲ್ಲಿ ಕಾಯುತ್ತಿರುತ್ತದೆ. ಅಡಿಕೆ ಮರ ಬಿದ್ದು ಕಡಿದ ವಿದ್ಯುತ್ ತಂತಿ ಹುಲ್ಲಿನಲ್ಲಿ ಕಾಣುವುದಿಲ್ಲ. ಬೆಳಗ್ಗೆ ಎಷ್ಟು ಮರ ಹೋಯಿತು ನೋಡೋಣವೆಂದು ಹೋದವರು ಅದನ್ನು ತುಳಿಯುತ್ತಾರೆ. ತುಳಿಯಬೇಕೆಂದೂ ಇಲ್ಲ, ಸಿಡಿಲಿನ ಹಾಗೆ ಇದೂ ಒದ್ದೆ ನೆಲದಲ್ಲಿ ಹರಡುತ್ತದೆ. ತಂತಿ ಕಂಡರೆ 10 ಮೀಟರ್ ದೂರದಲ್ಲೇ ನಿಂತು 1912ಕ್ಕೆ ಕರೆ ಮಾಡಿ ವಿದ್ಯುತ್ ಕಂಪನಿ ಮೆಸ್ಕಾಂಗೆ ಹೇಳಿ. ಹತ್ತಿರ ಹೋಗಿಬಿಟ್ಟಿದ್ದರೆ ದಾಪುಗಾಲು ಹಾಕದೆ, ಪಾದ ನೆಲದಿಂದ ಎತ್ತದೆ, ಇಂಚಿಂಚಾಗಿ ಹಿಂದೆ ಸರಿಯಿರಿ. ಅಲ್ಯೂಮಿನಿಯಂ ದೋಟಿ, ಏಣಿ ಹಿಡಿದು ಲೈನಿನ ಅಡಿಯಲ್ಲಿ ಕೆಲಸ ಮಾಡುವವರಿಗೂ ಇದೇ ಎಚ್ಚರಿಕೆ. ದೋಟಿಯ ಕಾರಣಕ್ಕೆ ಕರಾವಳಿಯಲ್ಲಿ ಹೋದ ಜೀವಗಳು ಕಡಿಮೆಯಲ್ಲ.

ಘಟ್ಟದ ತೋಡುಗಳ ಮಾತು ಬೇರೆ. ಇಲ್ಲಿ ಬಿಸಿಲಿದ್ದಾಗಲೂ ಮೇಲೆ ಕಾಡಿನಲ್ಲಿ ಬಿದ್ದ ಮಳೆ ಅರ್ಧ ಗಂಟೆಯಲ್ಲಿ ಕೆಂಪು ನೀರಾಗಿ ಇಳಿಯಬಹುದು. 2019ರ ಆಗಸ್ಟ್ 9ರಂದು ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿ ಸುತ್ತಮುತ್ತ ಹೊಳೆಗಳು ಮರದ ದಿಮ್ಮಿಗಳನ್ನು ಹೊತ್ತು ತೋಟಗಳಿಗೆ ನುಗ್ಗಿದವು. 2024ರ ಅಕ್ಟೋಬರ್ ಮೊದಲ ವಾರ ಹೆಬ್ರಿ ತಾಲ್ಲೂಕಿನ ಮುದ್ರಾಡಿ, ಕಬ್ಬಿನಾಲೆ ಭಾಗದಲ್ಲಿ ಸಂಜೆಯ ಮಳೆಗೆ ಉಕ್ಕಿದ ನೀರು ಮನೆಗಳಿಗೆ ನುಗ್ಗಿ ಒಬ್ಬ ವೃದ್ಧೆಯ ಜೀವ ತೆಗೆಯಿತು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟ ಎರಡನೇ ತರಗತಿಯ ಮಗು ಕಾಲುಸಂಕದಿಂದ ನೀರಿಗೆ ಬಿತ್ತು. ಮಕ್ಕಳು ಸಂಕ ದಾಟಿ ಬರಬೇಕಾದ ಮನೆಗಳಲ್ಲಿ ಮಳೆ ಹೆಚ್ಚಾದ ದಿನ ಮಗು ಎಲ್ಲಿ ಉಳಿಯಬೇಕು, ಯಾರ ಮನೆಯಲ್ಲಿ, ಯಾರು ಫೋನ್ ಮಾಡಬೇಕು ಎಂಬುದು ಜೂನ್ ಒಂದಕ್ಕೇ ಶಾಲೆಯ ಜೊತೆ ಮಾತಾಗಿರಲಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077, ಎಲ್ಲ ತುರ್ತಿಗೂ ಒಂದೇ ಆದ 112, ಈ ಎರಡು ಸಂಖ್ಯೆ ಮಕ್ಕಳಿಗೂ ಬಾಯಿಪಾಠ ಆಗಿರಲಿ.

ಕೊನೆಯದಾಗಿ ನಮ್ಮ ಸಂಘಟಕರಲ್ಲಿ ಒಂದು ಕೋರಿಕೆ. ತುಳುನಾಡಿನಲ್ಲಿ ಕೋಲ, ನೇಮ, ಬಯಲಾಟ, ಜಾತ್ರೆ ನಡೆಯುವುದು ಪತ್ತನಾಜೆಯವರೆಗೆ, ಅಂದರೆ ಸುಮಾರು ಮೇ 24-25ರವರೆಗೆ. ಸಿಡಿಲಿನ ಮೊದಲ ಸುತ್ತು ಇರುವುದೂ ಸರಿಯಾಗಿ ಆಗಲೇ. ಸಾವಿರಾರು ಮಂದಿ ಗದ್ದೆಬಯಲಲ್ಲಿ, ಕಬ್ಬಿಣದ ಕಂಬದ ಚಪ್ಪರದಡಿ, ಕಬ್ಬಿಣದ ಕುರ್ಚಿಯ ಮೇಲೆ, ಮೈಕು ಜನರೇಟರಿನ ತಂತಿಗಳ ನಡುವೆ ಕೂತಿರುತ್ತಾರೆ. ಬೇಸಗೆ ರಜೆಯ ವಾಲಿಬಾಲ್, ಕ್ರಿಕೆಟ್ ಪಂದ್ಯಾಟಗಳೂ ಆಗಲೇ. ಊಟಕ್ಕೆ ಒಬ್ಬರು, ಪಾರ್ಕಿಂಗಿಗೆ ಒಬ್ಬರು, ಧ್ವನಿವರ್ಧಕಕ್ಕೆ ಒಬ್ಬರು ಎಂದು ಜವಾಬ್ದಾರಿ ಹಂಚುವಾಗ ಆಕಾಶ ನೋಡಲು ಒಬ್ಬರನ್ನು ನೇಮಿಸಿ. ಆಟ ನಿಲ್ಲಿಸಿ ಎಂದು ಅವರು ಹೇಳಿದರೆ ಅಧ್ಯಕ್ಷರೂ ಮುಖ್ಯ ಅತಿಥಿಗಳೂ ಎದುರಾಡದಂತೆ ಅಧಿಕಾರ ಕೊಡಿ. ಜನ ಎಲ್ಲಿಗೆ ಹೋಗಬೇಕು, ಪಕ್ಕದ ಶಾಲೆಗೋ, ಸಭಾಭವನಕ್ಕೋ, ನಿಂತಿರುವ ಬಸ್ಸುಗಳಿಗೋ ಎಂಬುದನ್ನು ಕಾರ್ಯಕ್ರಮ ಶುರುವಾಗುವಾಗಲೇ ಮೈಕಿನಲ್ಲಿ ಹೇಳಿಬಿಡಿ. ಶಾಲೆಯ ಬೀಗದ ಕೈ ಯಾರಲ್ಲಿದೆ ಎಂಬುದೂ ಮೊದಲೇ ಗೊತ್ತಿರಲಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾದು ಮುಂದುವರಿಸಿದರೆ ಕಟ್ಟುಕಟ್ಟಳೆಗೆ ಯಾವ ಲೋಪವೂ ಬರುವುದಿಲ್ಲ. ಮುಂದಿನ ಬಿಸುವಿನ ಹೊತ್ತಿಗೆ ಮುಡಾರು, ಮಾಳ, ಮಿಯ್ಯಾರಿನ ಯಾವುದಾದರೂ ಒಂದು ಸಮಿತಿ ಆಮಂತ್ರಣ ಪತ್ರಿಕೆಯ ಕೆಳಗೆ 'ಗುಡುಗು ಕೇಳಿದರೆ ಕಾರ್ಯಕ್ರಮ ನಿಲ್ಲುತ್ತದೆ' ಎಂಬ ಒಂದು ಸಾಲನ್ನು ಅಚ್ಚು ಹಾಕಿಸಿದರೆ ಉಳಿದ ಊರುಗಳೂ ನೋಡಿ ಕಲಿಯುತ್ತವೆ.